ದಬ್ಬಿ ಚಾಲೂ ಮಾಡುವ ವಿದ್ಯೆ

ಸುರಪುರದಲ್ಲಿ ಹಳೆಯ ಗಾಡಿ ಇಟ್ಟುಕೊಂಡವರು ಪುಣ್ಯವಂತರು. ಗುಡ್ಡಗಳ ನಡುವಿನ ಊರು. ಕಿಕ್ ಹೊಡೆದು ಮೀನಖಂಡ ಬಾತರೂ ಗಾಡಿ ಉಸಿರೆತ್ತದಿದ್ದರೆ ಇಳಿಜಾರಿಗೆ ತಿರುಗಿಸಿಕೊಂಡು ಕೂತರಾಯಿತು. ಯಾದಗಿರಿಯಿಂದ ಭೀಮಾ ಸೇತುವೆ ದಾಟಿ ಶಹಾಪುರದ ಕಡೆ ಹೊರಟವರಿಗೆ ಆ ಸುಖವಿಲ್ಲ. ಬಯಲಿನಲ್ಲಿ ಗಾಡಿ ನಿಂತರೆ ಹೊಲದ ಕಡೆ ತಿರುಗಿ, "ಕಾಕಾ, ಒಂದೀಟ ದಬ್ರಿ" ಅನ್ನಬೇಕು. ಈ ಕಡೆ ಯಾವ ಕಾಕಾನೂ ಇಲ್ಲ ಅನ್ನುವುದಿಲ್ಲ. ಆದರೆ ದಬ್ಬುವವರಿಗಿಂತ ಹ್ಯಾಂಡಲ್ ಹಿಡಿದವನಿಗೆ ಬುದ್ಧಿ ಬೇಕು.

ಬಹಳ ಜನ ಮೊದಲನೇ ಗೇರಿಗೆ ಹಾಕಿ ಕ್ಲಚ್ ಬಿಡುತ್ತಾರೆ. ಹಿಂದಿನ ಚಕ್ರ ಕಚ್ಚಿಕೊಳ್ಳುತ್ತದೆ, ಟೈರು ಮಣ್ಣು ಉಜ್ಜುತ್ತದೆ, ಇಂಜಿನ್ ಮಾತ್ರ ತಿರುಗುವುದಿಲ್ಲ. ಎರಡನೇ ಗೇರೇ ಸರಿ. ಅದಕ್ಕೂ ಮೊದಲು ಒಂದು ಕೆಲಸವಿದೆ: ಗೇರಿಗೆ ಹಾಕಿ, ಕ್ಲಚ್ ಹಿಡಿಯದೆ, ಗಾಡಿಯನ್ನು ಹಿಂದಕ್ಕೆ ಎಳೆಯಿರಿ. ಒಂದು ಕಡೆ ತಡೆದು ನಿಲ್ಲುತ್ತದೆ. ಅಲ್ಲಿ ಕ್ಲಚ್ ಹಿಡಿದು ದಬ್ಬಿದರೆ, ಮತ್ತೆ ಕ್ಲಚ್ ಬಿಟ್ಟಾಗ ಪಿಸ್ಟನ್ನಿಗೆ ಓಡಿ ಬಂದು ಹಾರುವಷ್ಟು ಜಾಗ ಸಿಕ್ಕಿರುತ್ತದೆ. ಕ್ಲಚ್ ಬಿಡುವುದೂ ಸೀಟಿನ ಮೇಲೆ ಧಪ್ಪನೆ ಕೂರುವುದೂ ಒಟ್ಟಿಗೆ ಆಗಬೇಕು. ನಿಮ್ಮ ಭಾರವೇ ಟೈರನ್ನು ನೆಲಕ್ಕೆ ಒತ್ತುವುದು. ಫಟ್ ಅಂದ ಕೂಡಲೇ ಕ್ಲಚ್ ಹಿಡಿಯಿರಿ. ಇದೇನು ಹಳ್ಳಿಯ ಉಪಾಯವಲ್ಲ. ಜಗತ್ತಿನ ಗ್ರ್ಯಾಂಡ್ ಪ್ರಿ ಬೈಕ್ ರೇಸುಗಳೇ 1986ರ ತನಕ ಹೀಗೆ ದಬ್ಬಿಕೊಂಡು ಶುರುವಾಗುತ್ತಿದ್ದವು.

ದಬ್ಬುವ ಮುಂಚೆ ಕಿಡಿ ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಿರಲಿ. ಆರ್‌ಎಕ್ಸ್ 100ಕ್ಕೆ ಮ್ಯಾಗ್ನೆಟ್ಟೇ ಸಾಕು, ಬ್ಯಾಟರಿ ಬಿಚ್ಚಿಟ್ಟರೂ ಚಾಲೂ ಆಗುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಬಂದ ಹಳೆಯ ಜಾವಾಗಳಿಗೆ ಡೈನಮೋ ಮತ್ತು 6 ವೋಲ್ಟಿನ ಬ್ಯಾಟರಿ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಉದ್ದದ ಓಟವೇ ಬೇಕು. ಗೇರಿನ ಸನ್ನೆಯನ್ನೇ ಒಳಗೊತ್ತಿ ಮೇಲೆತ್ತಿದರೆ ಅದೇ ಕಿಕ್ ಆಗುವ ಜಾವಾದ ಚಮತ್ಕಾರ ಮಾತ್ರ ನನಗೆ ಇವತ್ತಿಗೂ ಇಷ್ಟ. ಕಿಕ್ ಹುಡುಕಿ ತಡಕಾಡುವ ಹೊಸಬರನ್ನು ನೋಡುವುದು ಇನ್ನೂ ಇಷ್ಟ.

ಹಳೆಯ ಬುಲೆಟ್ಟಿಗೆ ದಬ್ಬುವುದು ಕೊನೆಯ ದಾರಿ, ಅದರ ತೂಕ ಅಂಥದ್ದು. ಅದಕ್ಕೆ ಬಲಕ್ಕಿಂತ ಕಣ್ಣು ಬೇಕು. ಕೀಲಿ ತಿರುಗಿಸಿ ಹೆಡ್‌ಲೈಟಿನ ಮೇಲಿನ ಆಂಪಿಯರ್ ಮುಳ್ಳು ನೋಡುತ್ತ ಕಿಕ್ಕನ್ನು ಮೆಲ್ಲಗೆ ಒತ್ತಿ. ಮೈನಸ್ಸಿನ ಕಡೆ ವಾಲಿದ ಮುಳ್ಳು ನಡುವಿಗೆ ಬಂದರೆ ಪಾಯಿಂಟ್ ತೆರೆಯಿತೆಂದು ಅರ್ಥ. ಆಗ ಡಿಕಂಪ್ರೆಷನ್ ಹಿಡಿ ಎಳೆದು ಕಿಕ್ಕನ್ನು ಇನ್ನೊಂದಿಷ್ಟು ದಾಟಿಸಿ, ಹಿಡಿ ಬಿಟ್ಟು, ಕಿಕ್ಕನ್ನು ಮೇಲಕ್ಕೆ ಬರಗೊಟ್ಟು, ಎಕ್ಸಲೇಟರ್ ಮುಟ್ಟದೆ ಒಂದೇ ಏಟು. ಈ ಕ್ರಮ ತಪ್ಪಿಸಿ ಜಬರ್ದಸ್ತಿ ಮಾಡಿದವರ ಕಾಲನ್ನು ಕಿಕ್ಕೇ ತಿರುಗಿ ಒದೆಯುತ್ತದೆ.

ಪೆಟ್ರೋಲ್ ಓವರ್ ಆಗಿದ್ದರೆ ದಬ್ಬಿ ಫಲವಿಲ್ಲ. ಕಾಕ್ ಬಂದ್ ಮಾಡಿ, ಪ್ಲಗ್ ಬಿಚ್ಚಿ, ಒರೆಸಿ, ಖಾಲಿ ನಾಲ್ಕು ಕಿಕ್ ಹೊಡೆದು ಮತ್ತೆ ಕೂಡಿಸಿ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಚೋಕ್ ಎಳೆಯುವ ಚಟವೇ ಅರ್ಧ ತೊಂದರೆಗೆ ಕಾರಣ. ಮೇನ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುವ ಶೂರರಿದ್ದಾರೆ. ಕಡ್ಡಿಗೂ ಚೈನಿಗೂ ಸಿಕ್ಕ ಬೆರಳು ಮತ್ತೆ ಬರುವುದಿಲ್ಲ, ಬೇಡ.

ಇಂಜೆಕ್ಷನ್ನಿನ ಹೊಸ ಗಾಡಿಯ ಬ್ಯಾಟರಿ ಪೂರ್ತಿ ಸತ್ತಿದ್ದರೆ ಯಾರನ್ನೂ ದಬ್ಬಲು ಕರೆಯಬೇಡಿ, ಕರೆಂಟಿಲ್ಲದೆ ಅದರ ಪೆಟ್ರೋಲ್ ಪಂಪೇ ಓಡುವುದಿಲ್ಲ. ಹಳೆಯ ಗಾಡಿಯನ್ನು ಸುರಪುರದ ಇಳಿಜಾರಿಗೆ ಬಿಡುವವರು ಮೊದಲು ಎರಡೂ ಬ್ರೇಕು ಹಿಡಿಯುತ್ತವೆಯೇ ನೋಡಿಕೊಳ್ಳಿ. ಕೆಳಗೆ ಬಜಾರಿದೆ, ಮಕ್ಕಳು ಓಡಾಡುತ್ತಿರುತ್ತಾರೆ.