ಒಂಬತ್ತನೇ ಸಂಪುಟ

ಇತಿಹಾಸದ ಪ್ರಾಜೆಕ್ಟ್‌ಗೆ ಮೇಡಂ ಕೊಟ್ಟ ಓದು ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೇ ಸಂಪುಟ, 1905ರದು. ಮೊದಮೊದಲು ಟೆಲಿಫೋನ್ ಡೈರೆಕ್ಟರಿ ಓದಿದಂತಿತ್ತು: ತಾಲ್ಲೂಕು, ಊರು, ಕಲ್ಲು ನಿಂತ ಜಾಗ. ಹೋಗ್ತಾ ಹೋಗ್ತಾ ಆ ‘ಜಾಗ’ವೇ ರುಚಿಸಿತು. ಯಾರೋ ಪ್ರತಿ ಊರಿಗೂ ಹೋಗಿ ಕಲ್ಲು ತೊಳೆದು ಅಚ್ಚು ತೆಗೆದಿದ್ದರಲ್ಲ!

ಅಂಥ ಒಂದು ಕಲ್ಲನ್ನಾದರೂ ಕಣ್ಣಾರೆ ನೋಡೋಣವೆಂದು ಗರುಡಾಚಾರ್‌ಪಾಳ್ಯದಲ್ಲಿ ನೇರಳೆ ಮೆಟ್ರೊ ಹತ್ತಿ, ಕಬ್ಬನ್ ಪಾರ್ಕ್‌ನಲ್ಲಿಳಿದು, ಕಸ್ತೂರ್ಬಾ ರಸ್ತೆಯ ಮ್ಯೂಸಿಯಂನಲ್ಲಿ ಬೇಗೂರಿನ ವೀರಗಲ್ಲಿನೆದುರು ನಿಂತೆ. ಪುಸ್ತಕದಲ್ಲಿ ಬರೀ ಸುದ್ದಿಯಾಗಿದ್ದ, ಆ ಕಲ್ಲಿನ ವೀರ ನಾಗತ್ತರನ ಸಾವು ಇಲ್ಲಿ ಆನೆ, ಕುದುರೆ, ಬಿದ್ದ ಹೆಣಗಳ ನೂಕುನುಗ್ಗಲು. ಶಿಲ್ಪಿ ಒಂದಿಂಚೂ ಖಾಲಿ ಬಿಟ್ಟಿಲ್ಲ. ಆದರೆ ನಾಗತ್ತರ ಸತ್ತ ಮೇಲೆ ಗಂಗರ ದೊರೆ ಎರೆಯಪ್ಪ ಇರುಗನೆಂಬವನಿಗೆ ‘ನಾಗತ್ತರ’ ಪಟ್ಟ ಕಟ್ಟಿ, ಬೆಂಪೂರು ಸೇರಿ ಹನ್ನೆರಡು ಹಳ್ಳಿ ಕೊಟ್ಟದ್ದನ್ನು ಹೇಳುವುದು ಅಕ್ಷರಗಳೇ. ಬೆಂಪೂರೆಂದರೆ ಬೇಗೂರು. ಮಿಕ್ಕ ಹಳ್ಳಿಗಳನ್ನು ಈಗ ಬಸ್ ಬೋರ್ಡುಗಳಲ್ಲಿ ಹುಡುಕುತ್ತಿದ್ದೇನೆ.