ಜಗನ್ನಾಥದಾಸರ ಉದರಶೂಲೆಯೂ ಮನೋವಿಶ್ಲೇಷಣವೂ

ಮಾನ್ವಿ ದೇವದುರ್ಗಗಳ ಸೀಮೆಯು ದಾಸಸಾಹಿತ್ಯದ ತವರುನೆಲವೆಂಬುದು ವಾಚಕರಿಗೆ ವಿದಿತವೇ ಆಗಿದೆ. ಚೀಕಲಪರ್ವಿಯ ವಿಜಯದಾಸರು (1682–1755), ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು (1728–1809) ಈ ಎರೆನೆಲದ ಮಕ್ಕಳು. ಇಂತಹ ಮಹನೀಯರ ಕೃತಿಗಳಿಗೆ ಪಶ್ಚಿಮದ ಮನೋವಿಶ್ಲೇಷಣ ಶಾಸ್ತ್ರವನ್ನು ಅನ್ವಯಿಸುವುದು ಉಚಿತವೇ ಎಂದು ಕೆಲವರು ಕೇಳಬಹುದು. ಅನ್ವಯಿಸಬಹುದು, ಆದರೆ ಆ ಶಾಸ್ತ್ರದ ಮೊದಲ ಉತ್ಸಾಹವನ್ನಷ್ಟೇ ಅಲ್ಲದೆ ಅದರ ಕಡೆಗಾಲದ ವಿನಯವನ್ನೂ ಬಲ್ಲವರು ಮಾತ್ರ ಆ ಕೆಲಸಕ್ಕೆ ಕೈಹಾಕತಕ್ಕದ್ದು ಎಂಬುದು ನಮ್ಮ ಅಭಿಪ್ರಾಯ.

ಪರಂಪರೆಯು ಹೇಳುವ ಕಥೆ ಇಷ್ಟು. ಜಗನ್ನಾಥದಾಸರು ಪೂರ್ವದಲ್ಲಿ ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಪದ ಹಾಡುವ ದಾಸರೆಂದರೆ ಅವರಿಗೆ ತಾತ್ಸಾರ. ವಿಜಯದಾಸರು ಒಮ್ಮೆ ಊಟಕ್ಕೆ ಕರೆದಾಗ ಆಚಾರ್ಯರು ಹೊಟ್ಟೆನೋವಿನ ನೆಪವೊಡ್ಡಿ ಹೋಗದೆ ಉಳಿದರು. ನೆಪವು ನಿಜವಾಯಿತು; ಶೂಲೆ ಹುಟ್ಟಿತು; ಯಾವ ಔಷಧಕ್ಕೂ ಮಣಿಯಲಿಲ್ಲ. ಕಡೆಗೆ ಅವರು ವಿಜಯದಾಸರಿಗೇ ಶರಣಾದರು. ವಿಜಯದಾಸರು ಅವರನ್ನು ಶಿಷ್ಯರಾದ ಗೋಪಾಲದಾಸರ ಬಳಿಗೆ ಕಳುಹಿದರು. ಗೋಪಾಲದಾಸರು ಮಂತ್ರಿಸಿದ ಜೋಳದ ರೊಟ್ಟಿಯನ್ನಿತ್ತು, ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದು ಅವರನ್ನು ಬದುಕಿಸಿದರು.

ಮನೋವಿಶ್ಲೇಷಣದ ಎರಡಕ್ಷರ ಓದಿದವನು ಈ ಕಥೆಯನ್ನು ಕೇಳಿದೊಡನೆ ಹಿಗ್ಗದೆ ಇರಲಾರನು. ಬಾಯಿಂದ ಆಡಲಾಗದ ಮಾತನ್ನು ದೇಹವು ರೋಗರೂಪದಲ್ಲಿ ಆಡುವುದೆಂದೂ, ಅಡಗಿದ ಭಾವವನ್ನು ಮಾತಿಗೆ ತಂದಾಗ ರೋಗಲಕ್ಷಣವು ತೊಲಗುವುದೆಂದೂ ಬ್ರಾಯರ್ ಮತ್ತು ಫ್ರಾಯ್ಡರು 1895ರಲ್ಲಿ ಪ್ರತಿಪಾದಿಸಿದರು. ಒಣಹೆಮ್ಮೆಯು ಹೊಟ್ಟೆನೋವಾಯಿತು, ಹೆಮ್ಮೆ ಕರಗಲು ನೋವು ಕರಗಿತು ಎಂದು ಲೆಕ್ಕವನ್ನು ಮುಗಿಸಿಬಿಡಬಹುದು. ಆದರೆ ಈ ವಿಮರ್ಶೆಯಿಂದ ನಮಗೆ ಒಬ್ಬ ರೋಗಿಯು ದೊರೆತನೇ ಹೊರತು ಕವಿಯು ದೊರೆಯಲಿಲ್ಲ. ಶೂಲೆ ಹೋದಮೇಲೆ ದಾಸರು ದೀರ್ಘಕಾಲ ಬದುಕಿದರು, ಹಾಡಿದರು. ವ್ಯಾಧಿಯೇ ತೀರಿದ್ದರೆ ದಾಸರ ಪದಗಳಲ್ಲಿ ಆ ಆತ್ಮನಿಂದೆ, ಮನಸ್ಸಿನೊಡನೆ ಆ ಜಗಳ, ಮತ್ತೆ ಮತ್ತೆ ಬೀಳುವೆನೆಂಬ ಆ ಮೊರೆ ಏಕೆ ಉಳಿಯಿತು?

ಇಲ್ಲಿ ಫ್ರಾಯ್ಡರ ಮುಂದಿನ ಬರಹಗಳು ನಮಗೆ ಸಹಾಯಕ್ಕೆ ಬರುತ್ತವೆ. ಮರೆತುದನ್ನು ನೆನೆದ ಮಾತ್ರಕ್ಕೆ ಮನುಷ್ಯನು ಬಿಡುಗಡೆ ಹೊಂದುವುದಿಲ್ಲ, ನೆನೆಯಲಾಗದುದನ್ನು ನಡತೆಯಲ್ಲಿ ಪುನಃ ಪುನಃ ಮಾಡುತ್ತಾನೆ, ಅದರೊಡನೆ ದೀರ್ಘಕಾಲ ಗೇಯಬೇಕಾಗುವುದು ಎಂದು ಅವರು 1914ರಲ್ಲಿ ಬರೆದರು. 1937ರಲ್ಲಿ, ತಮ್ಮ ಮರಣಕ್ಕೆ ಎರಡು ವರ್ಷ ಮೊದಲು, ವಿಶ್ಲೇಷಣಕ್ಕೆ ಕೊನೆಯುಂಟೇ ಎಂಬ ಪ್ರಶ್ನೆಯನ್ನೇ ಎತ್ತಿಕೊಂಡರು. ಮಕ್ಕಳನ್ನು ತಿದ್ದುವುದು, ರಾಜ್ಯವಾಳುವುದು ಇವುಗಳಂತೆಯೇ ಮನಸ್ಸಿನ ಚಿಕಿತ್ಸೆಯೂ ಪೂರ್ಣಫಲ ಕಾಣದ ವೃತ್ತಿಯೆಂದು ಆ ವೃದ್ಧವೈದ್ಯರು ಒಪ್ಪಿಕೊಂಡರು. ಶಾಸ್ತ್ರಕರ್ತನೇ ಇಷ್ಟು ತಗ್ಗಿ ನುಡಿದಿರಲು ವಿಮರ್ಶಕನು ಬೀಗುವುದು ಸಲ್ಲದು.

ನಮ್ಮ ದೇಶದಲ್ಲಿ ಈ ಶಾಸ್ತ್ರಕ್ಕೆ ಅಡಿಗಲ್ಲಿಟ್ಟವರು ಗಿರೀಂದ್ರಶೇಖರ ಬೋಸರು. 1922ರಲ್ಲಿ ಕಲಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದ ಇವರು, ಪ್ರತಿಯೊಂದು ಇಚ್ಛೆಯ ಬೆನ್ನಿಗೂ ಅದರ ವಿರುದ್ಧವಾದ ಇಚ್ಛೆಯೊಂದು ಇರುತ್ತದೆಂದು ವಾದಿಸಿದರು. ಈ ವಾದವು ನಮ್ಮ ಕಥೆಗೆ ಚೆನ್ನಾಗಿ ಒಪ್ಪುತ್ತದೆ. ಬಾಗಲಾರೆನೆಂಬ ಪಂಡಿತನ ಒಳಗೆ ಬಾಗಬೇಕೆಂಬ ಇನ್ನೊಬ್ಬನು ಮೊದಲೇ ಇದ್ದಿರಬೇಕು. ಇಲ್ಲದಿದ್ದರೆ ಬರಿಯ ಊಟದ ಕರೆ ಅಷ್ಟು ನೋಯಿಸುವುದೇಕೆ? ಹಾಗೆಯೇ ಶರಣಾದ ದಾಸನ ಒಳಗೆ ಆ ಪಂಡಿತನು ಕಡೆತನಕ ಬದುಕಿದ್ದನು. ಒಬ್ಬನು ಗೆದ್ದು ಇನ್ನೊಬ್ಬನು ಸತ್ತನೆಂದು ನಾವು ತಿಳಿಯಬೇಕಾಗಿಲ್ಲ.

ಇದಕ್ಕೆ ಸಾಕ್ಷಿ ಹರಿಕಥಾಮೃತಸಾರವೇ. ಭಾಮಿನಿ ಷಟ್ಪದಿಯ ಈ ಗ್ರಂಥದಲ್ಲಿ ಶಾಸ್ತ್ರಪಾಂಡಿತ್ಯವೆಲ್ಲವೂ ಇದೆ. ಆದರೆ ಹಿಂದೆ ತಾತ್ಸಾರ ಮಾಡಿದ ಕನ್ನಡದಲ್ಲಿದೆ. ಇನ್ನೂ ಗಮನಿಸತಕ್ಕ ಅಂಶವೊಂದುಂಟು. ಮಂಗಳಾಚರಣೆ, ಕರುಣೆ, ವ್ಯಾಪ್ತಿ ಎಂಬ ಮೂರು ಸಂಧಿಗಳಾದೊಡನೆ ಬರುವುದು ಭೋಜನರಸವಿಭಾಗ ಸಂಧಿ. ಉಣ್ಣುವ ಒಂದೊಂದು ಪದಾರ್ಥದಲ್ಲಿಯೂ ಭಗವಂತನ ರೂಪವಿದೆಯೆಂದು ಕವಿಯು ಅಲ್ಲಿ ಎಣಿಸಿ ಹೇಳುತ್ತಾನೆ. ಊಟದ ಕರೆಯನ್ನು ತಿರಸ್ಕರಿಸಿ ಹೊಟ್ಟೆನೋವು ಪಡೆದವನು, ರೊಟ್ಟಿಯಿಂದ ಪ್ರಾಣ ಪಡೆದವನು, ಊಟವನ್ನೇ ಪೂಜೆಯೆಂದು ಹಾಡಿದನು! ಸಂಪ್ರದಾಯದ ಅರ್ಥಕ್ಕೆ ಇದರಿಂದ ಕುಂದಿಲ್ಲ; ಶಾಸ್ತ್ರಾರ್ಥದ ಕೆಳಗೆ ಒಂದು ಹಳೆಯ ಗಾಯವೂ ಮಿಡಿಯುತ್ತಿದೆಯೆಂದು ಮಾತ್ರ ನಾವು ಸೂಚಿಸುತ್ತೇವೆ. ಗಾಯವು ಮಾಯಲಿಲ್ಲ, ಕೆಲಸಕ್ಕೆ ಬಂದಿತು. ಮೇಲಾಗಿ, ಪರರ ಆಯುಷ್ಯದಿಂದ ಬದುಕಿದವನಿಗೆ ಋಣವು ತೀರುವುದೆಂತು? ತೀರದ ಋಣವೇ ಅವನನ್ನು ಹಾಡಿಸಿತು.

ಪದದ ರಚನೆಯೂ ಇದನ್ನೇ ಹೇಳುತ್ತದೆ. ಪ್ರತಿ ನುಡಿಯೂ ಮುಂದಕ್ಕೆ ನಡೆದು ಪಲ್ಲವಿಗೆ ಮರಳುತ್ತದೆ. ಮರಳಿದ ಪಲ್ಲವಿಯ ಅಕ್ಷರಗಳು ಅವೇ. ಕೇಳುವ ಕಿವಿ ಮಾತ್ರ ಅದೇ ಅಲ್ಲ. ಬರಿಯ ಪುನರಾವೃತ್ತಿಗೂ ಸಾಧನೆಗೂ ಇರುವ ಅಂತರವು ಇಷ್ಟೇ.

ಕೊನೆಗೆ ಒಂದು ಮನೆಯ ಮಾತು. ನಮ್ಮ ದೊಡ್ಡಪ್ಪನವರು ಕುರ್ಡಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದರು. ಹೊಲದ ಬದುವಿನ ವಿಷಯವಾಗಿ ತಮ್ಮನೊಡನೆ, ಎಂದರೆ ನಮ್ಮ ತಂದೆಯವರೊಡನೆ, ಮಾತು ಬಿಟ್ಟಿದ್ದರು. ಆದರೂ ದಿನವೂ ಮುಂಜಾನೆ ಕೋಪವನ್ನು ನಿಂದಿಸುವ ದಾಸರ ಪದಗಳನ್ನು ಹಾಡುತ್ತಿದ್ದರು. ಇದೆಂತಹ ಢಂಭವೆಂದು ನಾವು ಹುಡುಗರು ನಗುತ್ತಿದ್ದೆವು. ತಂದೆಯವರು ಹಾಸಿಗೆ ಹಿಡಿದ ವರ್ಷ ಅವರು ತಾವಾಗಿ ಬಂದು ಕುಳಿತರು. ಬದುವಿನ ಮಾತು ಬರಲಿಲ್ಲ. ತಾಯಿಯವರು “ಏಳ್ರಿ, ಊಟಕ್ಕ” ಎಂದಾಗ ಎದ್ದು ಉಂಡರು. ಮರುವರ್ಷ ಬಿತ್ತನೆಯ ಕಾಲಕ್ಕೆ ಬದುವಿನ ಜಗಳ ಮತ್ತೆ ಎದ್ದಿತು. ಮುಂಜಾನೆಯ ಹಾಡೂ ನಿಲ್ಲಲಿಲ್ಲ. ಆ ಹಾಡು ಢಂಭವಾಗಿರಲಿಲ್ಲವೆಂದು ಈಗ ನಮಗೆ ತೋರುತ್ತದೆ. ಅದಿಲ್ಲದಿದ್ದರೆ ಅಂದಿನ ಆ ಒಂದು ಊಟವೂ ನಡೆಯುತ್ತಿರಲಿಲ್ಲ.