ಚೀಟಿ ಎತ್ತಿ ಬರೆದ ಆ್ಯಪ್

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಸ್ಕೀಮಿನಲ್ಲಿ ಕಂಪ್ಯೂಟರ್ ಸೈನ್ಸಿನ ಆರನೇ ಸೆಮಿಸ್ಟರಿಗೆ ಮೊಬೈಲ್ ಆ್ಯಪ್ ಕಟ್ಟುವ ಲ್ಯಾಬೊಂದಿತ್ತು. ದಾವಣಗೆರೆಯಲ್ಲಿ 1951ರಿಂದ ನಡೆದುಬಂದ ಯುಬಿಡಿಟಿ ಆ ವಿಶ್ವವಿದ್ಯಾಲಯದ್ದೇ ಘಟಕ ಕಾಲೇಜು. ಆ್ಯಪ್ ಎಂದರೇನೆಂದು ಈ ಊರಿನ ಹುಡುಗ ಹುಡುಗಿಯರಿಗೆ ಅಧಿಕೃತವಾಗಿ ಹೇಳಿಕೊಟ್ಟದ್ದು ಆ ಲ್ಯಾಬಿನ ಪ್ರೋಗ್ರಾಂ ಪಟ್ಟಿ. ಅದನ್ನೊಂದು ಕೃತಿಯೆಂದೇ ಓದಿದರೆ ಏನು ಕಾಣುತ್ತದೆ?

ಮೊದಲಿಗೆ ವಿಸಿಟಿಂಗ್ ಕಾರ್ಡ್, ಆಮೇಲೆ ಕ್ಯಾಲ್ಕುಲೇಟರ್, ಪಾಸ್‌ವರ್ಡ್ ಪರೀಕ್ಷಿಸುವ ಸೈನ್‌ಅಪ್ ಪುಟ, ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ವಾಲ್‌ಪೇಪರ್, ಬರೆದದ್ದನ್ನು ಓದಿ ಹೇಳುವ ಆ್ಯಪ್. ಪಟ್ಟಿ ಕಟ್ಟಿದವರು ದಡ್ಡರಲ್ಲ. ಪರದೆ, ಗುಂಡಿ, ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವುದು, ಹಿನ್ನೆಲೆಯಲ್ಲಿ ಓಡುವ ಎಣಿಕೆ, ಜೇಸನ್ ಕಡತ ಬಿಡಿಸುವುದು, ಹೀಗೆ ಆ್ಯಂಡ್ರಾಯ್ಡಿನ ಬಿಡಿಭಾಗಗಳು ಹದವಾಗಿ ಏರುತ್ತಾ ಹೋಗುತ್ತವೆ. ಆದರೆ ಆ ವಾಲ್‌ಪೇಪರ್ ಯಾರಿಗೆ ಬೇಕಿತ್ತು? ಪಟ್ಟಿಯಲ್ಲಿ ಯಂತ್ರವಿದೆ, ಅದನ್ನು ಬಳಸುವವರು ಇಲ್ಲ.

ಇದಕ್ಕೆ ಹೊರತಾಗಿ ನಿಲ್ಲುವುದು ಔಷಧಿಯ ಆ್ಯಪ್. ಮಾತ್ರೆಯ ಹೆಸರು, ದಿನಾಂಕ, ಬೆಳಿಗ್ಗೆಯೋ ರಾತ್ರಿಯೋ ಎಂಬುದನ್ನು ಬರೆದುಕೊಂಡು ಹೊತ್ತಿಗೆ ಸರಿಯಾಗಿ ಅಲಾರಂ ಬಡಿಯಬೇಕು. ಇಡೀ ಪಟ್ಟಿಯಲ್ಲಿ ಮನುಷ್ಯನ ಉಸಿರು ಕೇಳುವ ಪ್ರೋಗ್ರಾಂ ಇದು. ಆದರೂ ಬಿ.ಪಿ. ಮಾತ್ರೆ ನುಂಗುವ ಅಜ್ಜಿಗೆ ಅಲಾರಂ ದಿನಾಲೂ ಬೇಕು. ಪಟ್ಟಿಯ ಪ್ರಶ್ನೆಯಲ್ಲಿ ಕೇಳಿರುವುದು ಒಂದೇ ದಿನಾಂಕವನ್ನು. ಅಜ್ಜಿಯ ಕೈಗೆ ಫೋನ್ ಕೊಟ್ಟಿದ್ದರೆ ಮಾರನೆಯ ಬೆಳಿಗ್ಗೆಯೇ ಈ ಕೊರತೆ ಗೊತ್ತಾಗುತ್ತಿತ್ತು. ಕೊಡುವ ಪ್ರಸಂಗ ಲ್ಯಾಬಿನಲ್ಲಿ ಬರುತ್ತಲೇ ಇರಲಿಲ್ಲ.

ಬರುತ್ತಿದ್ದುದು ಪರೀಕ್ಷೆ. ಚೀಟಿ ಎತ್ತಿ, ಬಂದ ಪ್ರೋಗ್ರಾಂ ಬರೆಯಬೇಕಿತ್ತು. ಒಮ್ಮೆ ಮಾತ್ರ ಬದಲಾಯಿಸಿಕೊಳ್ಳಬಹುದಿತ್ತು, ಬದಲಾಯಿಸಿದರೆ ಪ್ರೊಸೀಜರ್ ಭಾಗದ ಅಂಕ ಸೊನ್ನೆ. ಹೀಗಿರುವಾಗ ಅಷ್ಟೂ ಪ್ರೋಗ್ರಾಂ ಬಾಯಿಪಾಠ ಮಾಡುವ ಹುಡುಗನನ್ನು ಬೈದು ಫಲವಿಲ್ಲ; ಅವನು ಪದ್ಧತಿಯನ್ನು ಸರಿಯಾಗಿಯೇ ಓದಿಕೊಂಡಿದ್ದಾನೆ.

ಬಳಸುವವರಿದ್ದರೆ ಏನಾಗುತ್ತದೆಂದು ನೋಡಲು ಪಟ್ಟಿಯ ಕ್ಯಾಲ್ಕುಲೇಟರನ್ನೇ ದಾವಣಗೆರೆಯ ಎಪಿಎಂಸಿ ಮಾರುಕಟ್ಟೆಗೆ ಒಯ್ಯೋಣ. ಮೆಕ್ಕೆಜೋಳದ ಹಂಗಾಮಿನಲ್ಲಿ ಜಗಳವೆಲ್ಲ ತೇವದ್ದು. ಬೆಂಬಲ ಬೆಲೆಯ ಖರೀದಿಗೆ ಶೇ. 14ರ ಮಿತಿ. ಶೇ. 18 ತೇವವಿರುವ 100 ಕ್ವಿಂಟಲ್ ಕಾಳು 14ಕ್ಕೆ ಒಣಗಿದರೆ ಎಷ್ಟುಳಿಯುತ್ತದೆ? ನಾಲ್ಕು ಕಳೆದು 96 ಎನ್ನುವುದು ಬಾಯಿಲೆಕ್ಕ. ಒಣಕಾಳಿನ ಭಾಗ 82, ಅದು ಹೊಸ ತೂಕದ ಶೇ. 86 ಆಗಬೇಕು, ಹಾಗಾಗಿ ಸರಿ ಉತ್ತರ 95.35. ಇದನ್ನು ಜಾವಾದಲ್ಲಿ ಬರೆಯಲು ಕೂತವರು ಪೂರ್ಣಾಂಕಗಳನ್ನಿಟ್ಟು ಮೊದಲು 82ನ್ನು 86ರಿಂದ ಭಾಗಿಸಿದರೆ ಸೊನ್ನೆ ಬರುತ್ತದೆ. ರೈತನ ನೂರು ಕ್ವಿಂಟಲ್ ಪರದೆಯ ಮೇಲೆ ಮಾಯ! ಪೂರ್ಣಾಂಕಕ್ಕೂ ದಶಮಾಂಶಕ್ಕೂ ಇರುವ ವ್ಯತ್ಯಾಸ ಆಮೇಲೆ ಜನ್ಮದಲ್ಲಿ ಮರೆಯುವುದಿಲ್ಲ. ಯಾರಾದರೂ ಕನ್ನಡ ಅಂಕಿಯಲ್ಲಿ ೧೮ ಎಂದು ಬರೆದರೆ ಜಾವಾದಲ್ಲಿ ಪೂರ್ಣಾಂಕ ಓದುವ ಫಂಕ್ಷನ್ ಅದನ್ನು ಒಪ್ಪುತ್ತದೆ, ೧೮.೫ ಎಂದರೆ ದಶಮಾಂಶ ಓದುವ ಫಂಕ್ಷನ್ ಮುನಿಸಿಕೊಂಡು ಆ್ಯಪನ್ನೇ ಬೀಳಿಸುತ್ತದೆ. ಪಟ್ಟಿಯ ಖಾಲಿ ಕ್ಯಾಲ್ಕುಲೇಟರಿನಲ್ಲಿ ಇಂಥ ಪೆಟ್ಟುಗಳು ಬೀಳುವುದೂ ಇಲ್ಲ, ಬಿದ್ದರೆ ನೋಯುವುದೂ ಇಲ್ಲ.

ಮಾಡಿದ್ದು ಬಳಕೆಯಲ್ಲಿ ಪರೀಕ್ಷೆಯಾಗಬೇಕೆಂಬುದು ಪಕ್ಕದ ಹರಿಹರದವರಿಗೆ ಹೊಸ ಮಾತಲ್ಲ. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಮಾಡುತ್ತಿತ್ತು. ಲೇತಿನಲ್ಲಿ ತಿರುವಿದ ತುಂಡು ಇನ್ನೊಬ್ಬರು ಮಾಡಿದ ತುಂಡಿಗೆ ಕೂರಬೇಕು, ಕೂರದಿದ್ದರೆ ಗುಜರಿ.

ತಮಾಷೆಯೆಂದರೆ, ಪಠ್ಯಕ್ರಮ ಬಿಟ್ಟದ್ದನ್ನು ಗೂಗಲ್ ಕೇಳುತ್ತಿದೆ. ಪ್ಲೇ ಸ್ಟೋರಿನಲ್ಲಿ ಖಾತೆ ತೆರೆಯಲು ಒಮ್ಮೆ 25 ಡಾಲರ್ ಕಟ್ಟಿದರೆ ಮೊದಲೆಲ್ಲ ಸಾಕಿತ್ತು. 2023ರ ನವೆಂಬರಿನ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಆ್ಯಪ್ ಬಿಡುಗಡೆಗೆ ಮುಂಚೆ ಪರೀಕ್ಷಕರು ಬೇಕು: ಮೊದಲು 20 ಮಂದಿ ಎಂದರು, ಆಮೇಲೆ 12ಕ್ಕೆ ಇಳಿಸಿದರು, ಸತತ 14 ದಿನ. ಕಿರಿಕಿರಿಯ ನಿಯಮವೆಂದು ಬೈಯುವವರು ಬಹಳ. ನನಗೆ ಮಾತ್ರ ಇದು ಆ ಲ್ಯಾಬಿಗಿಂತ ಒಳ್ಳೆಯ ಪರೀಕ್ಷೆಯಾಗಿ ಕಾಣುತ್ತದೆ. ಹನ್ನೆರಡು ಮಂದಿಯನ್ನೂ ಹಾಸ್ಟೆಲಿನ ಗೆಳೆಯರಿಂದಲೇ ತುಂಬಿಸಿಬಿಟ್ಟರೆ ಅದೂ ಒಬ್ಬರದನ್ನೊಬ್ಬರು ನಕಲು ಮಾಡುವ ಲ್ಯಾಬ್ ರೆಕಾರ್ಡ್ ಬುಕ್ಕಿನ ಗತಿಯೇ ಸರಿ.

ಡೆಸ್ಕ್‌ಟಾಪ್ ಆ್ಯಪಿನ ಕಾಲ ಮುಗಿಯಿತು, ಬಳಸುವವರೆಲ್ಲ ಫೋನಿನಲ್ಲೇ ಇದ್ದಾರೆ ಎನ್ನುವವರು ಒಮ್ಮೆ ಅದೇ ಎಪಿಎಂಸಿಯ ದಲಾಲಿ ಅಂಗಡಿಯ ಗುಮಾಸ್ತರ ಪಕ್ಕದಲ್ಲಿ ಕೂರಬೇಕು. ಅವರಿಗೆ ಬೇಕಾದದ್ದು ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿ, ನೆಟ್ ಹೋದರೂ ನಿಲ್ಲದೆ, ಮೌಸ್ ಮುಟ್ಟದೆ ಎಂಟರ್ ಒತ್ತುತ್ತಲೇ ಸಾಗಿ, ಕೊನೆಗೆ ಕನ್ನಡದಲ್ಲಿ ಮಾರಾಟದ ಲೆಕ್ಕಪಟ್ಟಿ ಮುದ್ರಿಸಿ ಕೊಡುವ ತಂತ್ರಾಂಶ. ಆರನೇ ಸೆಮಿಸ್ಟರಿನ ಇಬ್ಬರಿಗೆ ಒಂದು ಹಂಗಾಮಿನ ಕೆಲಸ ಅದು. ಅಂಕ ಹಾಕುವವರು ಗುಮಾಸ್ತರೇ ಆಗಲಿ.